ಕೈ ನೋಡಿ, ಕೇಳುವ ಮುಖ ನೋಡಿ: ಕಲಾತ್ಮಕ ಚಿತ್ರದ ನಟನೆ ಮತ್ತು ಕಥನವನ್ನು ಅಳೆಯುವ ಬಗೆ

ಸಾಗರದ ಕಡೆಯ ನಮ್ಮ ಊರಿನಲ್ಲಿ ತಿಂಗಳಿಗೊಮ್ಮೆ ಯಾರದಾದರೂ ಮನೆಯ ಜಗಲಿಯಲ್ಲಿ ಒಂದು ಸಿನಿಮಾ ನೋಡುತ್ತೇವೆ. ಗೋಡೆಗೆ ಬಿಳಿ ಪಂಚೆ, ಬಾಡಿಗೆಗೆ ತಂದ ಪ್ರೊಜೆಕ್ಟರ್, ಮೂವತ್ತು ನಲವತ್ತು ಜನ. ಕೆಲವು ವರ್ಷಗಳ ಹಿಂದೆ, ಅಡಿಕೆ ಸುಲಿತದ ದಿನಗಳಲ್ಲಿ, ಮಲೆನಾಡಿನ ಮನೆಯೊಂದರ ಕಥೆಯಿರುವ ಚಿತ್ರ ಹಾಕಿದ್ದೆವು. ಮುಗಿದ ಮೇಲೆ ಮಾತು ಶುರುವಾಯಿತು. ‘ನಾಯಕಿಯ ಅಭಿನಯ ಅದ್ಭುತ’ ಎಂದರು ಒಬ್ಬರು. ‘ಮನೋಜ್ಞ’ ಎಂದರು ಇನ್ನೊಬ್ಬರು. ‘ಚೆನ್ನಾಗಿದೆ, ಆದರೆ ತುಂಬ ನಿಧಾನ’ ಎಂದರು ಮತ್ತೊಬ್ಬರು. ಆಮೇಲೆ, ಹಗಲೆಲ್ಲ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದು ರಾತ್ರಿ ಸಿನಿಮಾಕ್ಕೆಂದು ಉಳಿದಿದ್ದ ಹೆಂಗಸೊಬ್ಬರು ಕಂಬಕ್ಕೆ ಒರಗಿ ಕೂತಲ್ಲಿಂದಲೇ ಹೇಳಿದರು: ‘ಆ ಹುಡುಗಿಗೆ ಮೆಟ್ಟುಗತ್ತಿಯ ಮೇಲೆ ಕೂತು ಅಭ್ಯಾಸವಿಲ್ಲ. ಆದರೆ ಅತ್ತೆ ಒಳಗೆ ಬಂದಾಗ ಕೈ ನಿಲ್ಲಿಸಿದಳಲ್ಲ, ಅದು ಸರಿ. ನಾವೂ ಹಾಗೆಯೇ ನಿಲ್ಲಿಸುವುದು.’

ಆ ರಾತ್ರಿ ಆಡಿದ ಮಾತುಗಳಲ್ಲಿ ವಿಮರ್ಶೆ ಎನ್ನಬಹುದಾದದ್ದು ಅದೊಂದೇ ಎಂದು ನನಗೆ ಆಗಲೇ ಅನ್ನಿಸಿತು. ಉಳಿದವರು ವಿಶೇಷಣಗಳನ್ನು ಹೇಳಿದ್ದರು. ಆಕೆ ಒಂದು ಕ್ಷಣವನ್ನು ಬೊಟ್ಟುಮಾಡಿ ತೋರಿಸಿದ್ದರು. ಅದರಲ್ಲೂ ಎರಡು ತೀರ್ಪುಗಳಿದ್ದವು: ಕೆಲಸ ಬಂದಿಲ್ಲ, ಸಂಬಂಧ ಬಂದಿದೆ. ಅಂದಿನಿಂದ ಚಿತ್ರ ನೋಡುವ ನನ್ನ ಕ್ರಮವೇ ಬದಲಾಯಿತು. ಆ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಸಿನಿಮಾ ಓದದವರಿಗೂ, ಊರಿನಲ್ಲಿ ಚಿತ್ರ ತೋರಿಸಿ ಚರ್ಚೆ ನಡೆಸುವವರಿಗೂ ಉಪಯೋಗಕ್ಕೆ ಬಂದೀತು.

ಹೆಜ್ಜೆ 1: ಕಿವಿಗೆ ಜಾಗ ಮಾಡಿಕೊಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ಇಂಥ ಚಿತ್ರ ನೋಡಬೇಡಿ. ಮಳೆಯ ಸದ್ದಿನಲ್ಲಿ ಅರ್ಧ ಸಿನಿಮಾ ಕೊಚ್ಚಿಹೋಗುತ್ತದೆ. ಕಲಾತ್ಮಕ ಚಿತ್ರಗಳು ಬಹಳಷ್ಟನ್ನು ಸಣ್ಣ ಸದ್ದುಗಳಲ್ಲಿ ಹೇಳುತ್ತವೆ: ತಟ್ಟೆಯನ್ನು ಮೆಲ್ಲಗೆ ಇಟ್ಟಳೋ ಕುಕ್ಕಿದಳೋ, ಉತ್ತರ ಕೊಡುವ ಮುಂಚೆ ಉಸಿರೆಳೆದುಕೊಂಡನೋ ಇಲ್ಲವೋ. ಒಬ್ಬರೇ ನೋಡುವುದಾದರೆ ಇಯರ್‌ಫೋನ್ ಹಾಕಿಕೊಳ್ಳಿ. ಜಗಲಿಯಲ್ಲಿ ನೋಡುವುದಾದರೆ ಮಳೆ ಹಿಂದೆ ಸರಿದ ಮೇಲೆ ಇಟ್ಟುಕೊಳ್ಳಿ. ವಿಮರ್ಶೆಗಳನ್ನು ಮೊದಲು ಓದಬೇಡಿ. ಪ್ರಶಸ್ತಿಗಳ ಪಟ್ಟಿಯನ್ನು ಪ್ರದರ್ಶನಕ್ಕೆ ಮುಂಚೆ ಸಭೆಗೆ ಓದಿ ಹೇಳಲೇಬೇಡಿ. ಪ್ರಶಸ್ತಿ ಬಂದಿದೆ ಎಂದು ಕೇಳಿದ ಮೇಲೆ ‘ನನಗೆ ಹಿಡಿಸಲಿಲ್ಲ’ ಎನ್ನಲು ನಮ್ಮ ಜನ ಹಿಂಜರಿಯುತ್ತಾರೆ.

ಹೆಜ್ಜೆ 2: ಮುಗಿದ ಕೂಡಲೇ ಮೂರು ಕ್ಷಣ, ಮಾತಿಗೆ ಮೊದಲು

ಮೊದಲ ಸಲ ನೋಡುವಾಗ ಟಿಪ್ಪಣಿ ಮಾಡಿಕೊಳ್ಳಬೇಡಿ, ಕಥೆಗೆ ಸುಮ್ಮನೆ ಒಪ್ಪಿಸಿಕೊಳ್ಳಿ. ಮುಗಿದ ಮೇಲೆ ಹತ್ತು ನಿಮಿಷ ಯಾರೂ ಮಾತನಾಡಬಾರದು. ಎಲ್ಲರ ಕೈಗೂ ಒಂದೊಂದು ಚೀಟಿ ಕೊಡಿ. ಕಣ್ಣಿನಲ್ಲಿ ಉಳಿದ ಮೂರು ಕ್ಷಣಗಳನ್ನು ಬರೆಯಲಿ. ‘ಅಮ್ಮನ ಪ್ರೀತಿ ಚೆನ್ನಾಗಿ ತೋರಿಸಿದ್ದಾರೆ’ ಎಂಬುದು ಕ್ಷಣವಾಗುವುದಿಲ್ಲ. ‘ಅಮ್ಮ ಬಾಗಿಲ ಹಿಂದೆ ನಿಂತು ಮಗನ ಚಪ್ಪಲಿ ನೋಡಿದ್ದು’ ಎಂದರೆ ಕ್ಷಣ.

ಅಕ್ಷರ ಬಾರದವರಿದ್ದರೆ ಪಕ್ಕದವರ ಕಿವಿಯಲ್ಲಿ ಹೇಳಲಿ, ಅವರು ಬರೆದುಕೊಳ್ಳಲಿ. ಈ ಹತ್ತು ನಿಮಿಷ ಬಿಟ್ಟುಹೋದರೆ ಸಭೆಯಲ್ಲಿ ಮೊದಲು ಬಾಯಿಬಿಟ್ಟವರ ಅಭಿಪ್ರಾಯವೇ ಎಲ್ಲರದೂ ಆಗಿಬಿಡುತ್ತದೆ.

ಹೀಗೆ ಕಂಡದ್ದನ್ನು ಮೊದಲು ಹೇಳಿ, ಬೆಲೆ ಕಟ್ಟುವುದನ್ನು ಆಮೇಲಕ್ಕೆ ಇಟ್ಟುಕೊಳ್ಳುವ ಅಭ್ಯಾಸಕ್ಕೆ ನಮ್ಮ ಸೀಮೆಯಲ್ಲಿ ಒಳ್ಳೆಯ ಹಿನ್ನೆಲೆಯಿದೆ. 1949ರಲ್ಲಿ ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಎಪ್ಪತ್ತರ ದಶಕದಲ್ಲೇ ಚಿತ್ರಸಮಾಜ ಕಟ್ಟಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹಾದ್ದೂರ್ ಹೆಗ್ಗೋಡಿಗೆ ಬಂದು ಚಲನಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿಕೊಟ್ಟರು. ತೋಟದ ಕೆಲಸ ಮುಗಿಸಿ ಬಂದವರು ಜಗತ್ತಿನ ಶ್ರೇಷ್ಠ ಚಿತ್ರಗಳ ಎದುರು ಕೂತರು. ಇಂಥ ಸಿನಿಮಾ ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಅದಕ್ಕೇ.

ಹೆಜ್ಜೆ 3: ಕೈ ನೋಡಿ

ಎರಡನೆಯ ಸಲ ನೋಡುವಾಗ ಮುಖ ಬಿಡಿ. ಒಂದು ಪಾತ್ರವನ್ನು ಆರಿಸಿಕೊಂಡು ಅದರ ಕೈ, ಬೆನ್ನು, ಕಾಲುಗಳನ್ನು ಹಿಂಬಾಲಿಸಿ. ಮುಖವನ್ನು ನಟರು ತರಬೇತಿಯಿಂದ ಹಿಡಿತಕ್ಕೆ ತಂದುಕೊಂಡಿರುತ್ತಾರೆ. ಕೈಗೆ ಸುಳ್ಳು ಹೇಳುವುದು ಅಷ್ಟು ಸುಲಭವಾಗಿ ಬರುವುದಿಲ್ಲ.

ಮೊದಲು ಭಾರ ನೋಡಿ. ಸೊಂಟದ ಮೇಲಿನ ಕೊಡದಲ್ಲಿ ನೀರಿದೆಯೇ? ಚಿತ್ರೀಕರಣದಲ್ಲಿ ಖಾಲಿ ಕೊಡ ಕೊಡುವುದುಂಟು. ತುಂಬಿದ ಕೊಡ ಹೊತ್ತವಳ ಇನ್ನೊಂದು ತೋಳು ದೇಹದಿಂದ ದೂರ ಚಾಚಿಕೊಳ್ಳುತ್ತದೆ, ಮೆಟ್ಟಿಲು ಹತ್ತುವಾಗ ಉಸಿರು ಬಿಗಿಯುತ್ತದೆ, ಇಳಿಸುವಾಗ ಮೊಣಕಾಲು ಮೊದಲು ಬಾಗುತ್ತದೆ. ಖಾಲಿ ಕೊಡ ಹೊತ್ತೂ ಇದನ್ನೆಲ್ಲ ತರಬಲ್ಲ ನಟಿಗೆ ಧಾರಾಳವಾಗಿ ಅಂಕ ಕೊಡಿ.

ಆಮೇಲೆ ಲಯ. ದಿನಾ ಮಾಡುವ ಕೆಲಸಕ್ಕೆ ಗಮನ ಬೇಕಿಲ್ಲ. ನಮ್ಮಲ್ಲಿ ಸುಲಿಯುವವರು ಮಾತನಾಡುತ್ತ, ನಗುತ್ತ, ಮಗುವನ್ನು ಗದರುತ್ತ ಸುಲಿಯುತ್ತಾರೆ; ಅಡಿಕೆ ತಾನಾಗಿ ಕತ್ತಿಗೆ ಬರುತ್ತದೆ. ಕ್ಯಾಮೆರಾದ ಮುಂದೆ ಕಲಿತವರು ಕತ್ತಿಯನ್ನೇ ನೋಡುತ್ತಿರುತ್ತಾರೆ. ಮಳೆಗಾಲದ ಕಾಡಿನಿಂದ ಮನೆಗೆ ಬಂದವನು ಜಗಲಿ ಹತ್ತುವ ಮುಂಚೆ ಕಾಲಿನಲ್ಲಿ ಉಂಬಳ ಇದೆಯೇ ಎಂದು ನೋಡಿಕೊಳ್ಳುತ್ತಾನೆ. ಈ ಒಂದು ನೋಟವನ್ನು ಯಾವ ಚಿತ್ರಕಥೆಯೂ ಬರೆದಿರುವುದಿಲ್ಲ. ನಟ ಅದನ್ನು ತಂದರೆ ಅವನು ಆ ಮಣ್ಣಿನಲ್ಲಿ ಸ್ವಲ್ಪ ದಿನವಾದರೂ ಇದ್ದು ನೋಡಿದ್ದಾನೆ ಎಂದು ತಿಳಿಯಿರಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕೆಲಸ ಯಾವಾಗ ನಿಲ್ಲುತ್ತದೆ? ಒಂದು ಮಾತು ಕೇಳಿ ಕೈ ನಿಂತಿತೇ, ಅಥವಾ ನಿಲ್ಲಬೇಕಾದ ಮಾತು ಕೇಳಿಯೂ ಬೇಕೆಂದೇ ಮುಂದುವರಿಯಿತೇ? ಗಂಡ ಕೆಟ್ಟ ಸುದ್ದಿ ಹೇಳಿದಾಗ ಅಕ್ಕಿ ಆರಿಸುತ್ತಿದ್ದವಳು ಇನ್ನಷ್ಟು ಚುರುಕಾಗಿ ಆರಿಸತೊಡಗಿದರೆ ಅವಳ ಒಳಗಿನದು ಆ ಬೆರಳುಗಳಲ್ಲಿದೆ. ಕಣ್ಣೀರಿಗಿಂತ ಇದು ಕಷ್ಟದ ನಟನೆ, ನನ್ನ ಮಟ್ಟಿಗೆ ಹೆಚ್ಚು ಬೆಲೆಯದೂ ಹೌದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಲೆನಾಡಿನವರಾದ ನಮಗೆ ತಪ್ಪು ಹಿಡಿಯುವುದು ಬಹಳ ಸುಲಭ. ‘ಕೊಯ್ಲಿನ ದೋಟಿ ಹಿಡಿದದ್ದು ಸರಿಯಿಲ್ಲ’, ‘ಆ ತಿಂಗಳಲ್ಲಿ ಅಡಿಕೆ ಕೊನೆ ಇಳಿಸುವುದಿಲ್ಲ’, ‘ಮಳೆಗೆ ಗೊರಬು ಹಾಗೆ ಹಾಕಿಕೊಳ್ಳುವುದಿಲ್ಲ’ ಎಂದು ಹೇಳಿ ಗೆದ್ದವರಂತೆ ಎದ್ದುಹೋಗಬಹುದು. ಈ ತಪ್ಪುಗಳನ್ನು ಬರೆದಿಟ್ಟುಕೊಳ್ಳಿ, ಆದರೆ ಅವುಗಳ ಮೇಲೆಯೇ ತೀರ್ಪು ಕೊಡಬೇಡಿ. ಸುಲಿಯಲು ಬಂದಿದ್ದ ಆಕೆ ಮಾಡಿದಂತೆ ಮಾಡಿ: ಕೆಲಸದ ತಪ್ಪನ್ನು ಹೇಳಿ, ಅದರಾಚೆ ಮನುಷ್ಯರ ನಡುವೆ ನಡೆದದ್ದು ನಿಜವೇ ಎಂದೂ ಕೇಳಿ. ಎರಡೂ ಬಂದಿದ್ದರೆ ಆ ಚಿತ್ರ ಅಪರೂಪದ್ದು. ಕೆಲಸ ಮಾತ್ರ ಬಂದು ಸಂಬಂಧ ಬಾರದಿದ್ದರೆ ಅದು ಸಾಕ್ಷ್ಯಚಿತ್ರಕ್ಕೂ ಕಡಿಮೆ.

‘ದ್ವೀಪ’ವನ್ನು ಈ ಹೆಜ್ಜೆಗೆ ಅಭ್ಯಾಸದ ಚಿತ್ರವಾಗಿ ಇಟ್ಟುಕೊಳ್ಳಿ. ಸಾಗರದ ನಾ. ಡಿಸೋಜ ಅವರ ಕೃತಿ, ಗಿರೀಶ ಕಾಸರವಳ್ಳಿಯವರ ನಿರ್ದೇಶನ, 2002ರಲ್ಲಿ ತೆರೆಗೆ ಬಂದದ್ದು. ಕನ್ನಡ, ತೆಲುಗು ಚಿತ್ರಗಳಲ್ಲಿ ಬಹು ಜನಪ್ರಿಯರಾಗಿದ್ದ ಸೌಂದರ್ಯ ಅದನ್ನು ತಾವೇ ನಿರ್ಮಿಸಿ ನಾಗಿಯ ಪಾತ್ರ ಮಾಡಿದರು. ಜನ ಆರಾಧಿಸುವ ಮುಖವೊಂದು ಹಿನ್ನೀರಿನ ನಡುವಿನ ಬಡ ಮನೆಯ ಹೆಂಗಸಾಗಬೇಕು. ನೋಡುವಾಗ ಒಂದು ಲೆಕ್ಕ ಇಡಿ: ಎಷ್ಟನೆಯ ನಿಮಿಷಕ್ಕೆ ನಿಮಗೆ ಸೌಂದರ್ಯ ಮರೆತು ನಾಗಿ ಕಂಡಳು? ಆ ಹೊತ್ತಿಗೆ ಅವಳು ಏನು ಮಾಡುತ್ತಿದ್ದಳು?

ಹೆಜ್ಜೆ 4: ಕೇಳುವ ಮುಖ ನೋಡಿ

ಯಕ್ಷಗಾನದ ತಾಳಮದ್ದಳೆ ಕೇಳಿ ಬೆಳೆದವರು ನಾವು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಕೂತು ಮಾತಿನಿಂದ ಪಾತ್ರ ಕಟ್ಟುತ್ತಾನೆ. ವಾದ ಮಂಡಿಸಿದವನಿಗೆ ಗೆಲುವು. ಆ ರುಚಿಯನ್ನು ಹಾಗೆಯೇ ಸಿನಿಮಾಕ್ಕೆ ತಂದರೆ ಹೆಚ್ಚು ಮಾತನಾಡಿದವನೇ ದೊಡ್ಡ ನಟನಾಗಿ ಕಾಣುತ್ತಾನೆ. ಹಾಗಾಗಿ ಒಂದು ಪ್ರಯೋಗ ಹೇಳುತ್ತೇನೆ. ಇಬ್ಬರು ಮಾತನಾಡುವ ಒಂದು ದೃಶ್ಯ ಆರಿಸಿ, ಮಾತನಾಡದವರನ್ನು ಮಾತ್ರ ನೋಡಿ. ಕೇಳುತ್ತಿರುವವನು ನಿಜವಾಗಿ ಕೇಳುತ್ತಿದ್ದಾನೆಯೇ, ತನ್ನ ಸರದಿಗೆ ಕಾಯುತ್ತಿದ್ದಾನೆಯೇ? ಒಳ್ಳೆಯ ನಟನ ಉತ್ತರ ಎದುರಿನವರ ಮಾತಿನ ನಡುವೆಯೇ ಎಲ್ಲೋ ಮುಖದಲ್ಲಿ ಹುಟ್ಟಿರುತ್ತದೆ. ಬಾಯಿಗೆ ಬರುವುದು ಆಮೇಲೆ. ಕೆಲವೊಮ್ಮೆ ಹುಟ್ಟಿದ ಉತ್ತರ ಒಂದು, ಆಡಿದ ಉತ್ತರ ಬೇರೆ. ಆ ಎರಡರ ನಡುವಿನ ಅಂತರದಲ್ಲಿ ಪಾತ್ರ ಇರುತ್ತದೆ.

ನಮ್ಮ ತಾಳಮದ್ದಳೆಯಲ್ಲೂ ಹಿರಿಯ ಅರ್ಥಧಾರಿಗಳು ಎದುರಾಳಿಯ ಮಾತಿಗೆ ಕಿವಿಗೊಡುವ ಬಗೆಯನ್ನು ಬಲ್ಲವರು ಮೆಚ್ಚುತ್ತಾರೆ. ಆ ಮೆಚ್ಚುಗೆಯನ್ನು ಇಲ್ಲಿಗೂ ತನ್ನಿ.

ಹೆಜ್ಜೆ 5: ಐದು ನಿಮಿಷ ಕಣ್ಣು ಮುಚ್ಚಿ, ಐದು ನಿಮಿಷ ಸದ್ದು ಮುಚ್ಚಿ

ಕಣ್ಣು ಮುಚ್ಚಿ ಕೇಳಿದಾಗ ಭಾಷೆ ತಿಳಿಯುತ್ತದೆ. ತೀರ್ಥಹಳ್ಳಿಯ ಒಕ್ಕಲಿಗರ ಮನೆಯ ಕನ್ನಡ, ಹವ್ಯಕರ ಮನೆಯ ಕನ್ನಡ, ದೀವರ ಕೇರಿಯ ಕನ್ನಡ ಒಂದೇ ಅಲ್ಲ. ಎಲ್ಲ ಪಾತ್ರಗಳೂ ಒಂದೇ ಪುಸ್ತಕದ ಭಾಷೆ ಆಡಿದರೆ ಅದು ನಿರ್ದೇಶಕರ ತೀರ್ಮಾನವಿರಬಹುದು, ತಪ್ಪೇ ಇರಬೇಕೆಂದಿಲ್ಲ. ಆದರೆ ಒಂದೇ ಮನೆಯ ಅಣ್ಣ ಒಂದು ಬಗೆ, ತಮ್ಮ ಇನ್ನೊಂದು ಬಗೆ ಆಡಿದರೆ ಯಾರೋ ಎಚ್ಚರ ತಪ್ಪಿದ್ದಾರೆ. ಕಂಠದಾನ ಬೇರೆಯವರದ್ದಾಗಿದ್ದರೆ ನಟನೆಯ ಅರ್ಧ ಪಾಲು ಆ ಧ್ವನಿಯವರಿಗೆ ಸಲ್ಲಬೇಕು ಎಂಬುದೂ ನೆನಪಿರಲಿ. ಓಡಿಬಂದವನ ಮಾತಿನಲ್ಲಿ ಏದುಸಿರಿಲ್ಲದಿದ್ದರೆ, ಬಯಲಿನಲ್ಲಿ ನಿಂತವನ ಧ್ವನಿ ಕೋಣೆಯೊಳಗಿನಿಂದ ಬಂದಂತಿದ್ದರೆ, ಆ ಮಾತು ಆಮೇಲೆ ಸ್ಟುಡಿಯೋದಲ್ಲಿ ಅಂಟಿಸಿದ್ದು.

ಸದ್ದು ಮುಚ್ಚಿ ನೋಡಿದಾಗ ಇನ್ನೊಂದು ಸತ್ಯ ಹೊರಬರುತ್ತದೆ: ಸಂಗೀತ ತೆಗೆದ ಮೇಲೂ ಆ ಮುಖದಲ್ಲಿ ದುಃಖ ಉಳಿದಿದೆಯೇ?

ಹೆಜ್ಜೆ 6: ನಟನದು ಎಷ್ಟು, ಸಂಕಲನದ್ದು ಎಷ್ಟು?

ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರು. ನಟ ಇವಾನ್ ಮೊಸ್ಜುಖಿನ್ ಅವರ ಒಂದೇ ನಿರ್ಭಾವದ ಮುಖವನ್ನು ಸೂಪಿನ ಬಟ್ಟಲಿನ ಚಿತ್ರದ ಪಕ್ಕ, ಶವಪೆಟ್ಟಿಗೆಯಲ್ಲಿನ ಮಗುವಿನ ಪಕ್ಕ, ಹೆಂಗಸೊಬ್ಬಳ ಪಕ್ಕ ಜೋಡಿಸಿ ತೋರಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ, ಒಮ್ಮೆ ಆಸೆ ಕಂಡಿತು. ಮುಖ ಬದಲಾಗಿರಲಿಲ್ಲ, ನೆರೆಯ ಚಿತ್ರ ಬದಲಾಗಿತ್ತು.

ಆದ್ದರಿಂದ ಯಾರ ನಟನೆಯನ್ನಾದರೂ ಹೊಗಳುವ ಮುಂಚೆ ಆ ದೃಶ್ಯ ಎಷ್ಟು ತುಂಡುಗಳಲ್ಲಿದೆ ಎಂದು ಎಣಿಸಿ. ಎರಡೆರಡು ಸೆಕೆಂಡಿಗೆ ಕತ್ತರಿಸಿದ್ದರೆ ಹೊಗಳಿಕೆಯ ದೊಡ್ಡ ಪಾಲು ಸಂಕಲನಕಾರರಿಗೆ ಹೋಗಲಿ. ಕ್ಯಾಮೆರಾ ಒಂದು ನಿಮಿಷ ಕದಲದೆ ನಿಂತು ಒಂದೇ ಮುಖದಲ್ಲಿ ನಂಬಿಕೆಯಿಂದ ಅನುಮಾನಕ್ಕೆ, ಅನುಮಾನದಿಂದ ಅವಮಾನಕ್ಕೆ ದಾಟುವುದನ್ನು ತೋರಿಸಿದ್ದರೆ ಅದು ನಟನ ಸ್ವಂತ ಗಳಿಕೆ. ಎರಡನ್ನೂ ಒಂದೇ ಮಾಪಕದಲ್ಲಿ ಅಳೆದರೆ ಇಬ್ಬರಿಗೂ ಅನ್ಯಾಯ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. 1977ರ ‘ಘಟಶ್ರಾದ್ಧ’ದಲ್ಲಿ ವೇದಪಾಠದ ಹುಡುಗ ನಾಣಿಯಾಗಿ ಮಾಡಿದ ಅಜಿತ್ ಕುಮಾರ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಆ ಹುಡುಗನ ಕೆಲಸ ಬಹುಪಾಲು ನೋಡುವುದು, ಹೆದರುವುದು, ಅರ್ಥವಾಗದೆ ನಿಲ್ಲುವುದು. ದೊಡ್ಡವರ ಭಾವವನ್ನು ಅಣಕಿಸುವ ಮಕ್ಕಳನ್ನು ನಾವು ‘ಎಷ್ಟು ಚೂಟಿ’ ಎಂದು ಮೆಚ್ಚುತ್ತೇವೆ; ಮಗುವಾಗಿಯೇ ಉಳಿದ ಮಗುವಿನ ನಟನೆ ಕಣ್ಣಿಗೆ ಬೀಳುವುದು ತಡವಾಗಿ.

ಹೆಜ್ಜೆ 7: ಕಥೆಯ ಗಡಿಯಾರ ಹುಡುಕಿ

ಈಗ ಕಥನಕ್ಕೆ ಬರೋಣ. ‘ನಿಧಾನ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕಲಾತ್ಮಕ ಚಿತ್ರಗಳ ಮೇಲೆ ಎಲ್ಲರೂ ಹೊರಿಸುವ ದೂರು ಅದು, ಎಷ್ಟೋ ಸಲ ನ್ಯಾಯವಾದ ದೂರೂ ಹೌದು. ಆದರೆ ನಿಧಾನವೇ ಖಾಲಿಯೇ ಎಂದು ಬಿಡಿಸಿ ನೋಡದೆ ದೂರಬಾರದು. ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಈ ಚಿತ್ರದಲ್ಲಿ ಏನು ಬೆಳೆಯುತ್ತಿದೆ, ಅಥವಾ ಏನು ಕೊಳೆಯುತ್ತಿದೆ? ಅದೇ ಕಥೆಯ ಗಡಿಯಾರ.

ಮಲೆನಾಡಿನ ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1970ರ ‘ಸಂಸ್ಕಾರ’ದಲ್ಲಿ ಗಡಿಯಾರ ಒಂದು ಹೆಣ. ನಾರಣಪ್ಪ ಸತ್ತಿದ್ದಾನೆ, ಅವನ ಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಅತ್ತ ಶವ ಕೆಡುತ್ತಿದೆ, ಇತ್ತ ಹೊಟ್ಟೆಗಳು ಸುಡುತ್ತಿವೆ, ನಡುವೆ ಪ್ರಾಣೇಶಾಚಾರ್ಯ ಗ್ರಂಥಗಳಲ್ಲಿ ಉತ್ತರ ಹುಡುಕುತ್ತಿದ್ದಾನೆ. ‘ಘಟಶ್ರಾದ್ಧ’ದಲ್ಲಿ ಗಡಿಯಾರ ಒಂದು ಗರ್ಭ. ವಿಧವೆ ಯಮುನೆಯ ಒಡಲಿನಲ್ಲಿ ಬೆಳೆಯುತ್ತಿರುವುದನ್ನು ಯಾವ ಬಾಗಿಲೂ ಬಹಳ ದಿನ ಮುಚ್ಚಿಡಲಾರದು. ‘ದ್ವೀಪ’ದಲ್ಲಿ ಗಡಿಯಾರ ನೀರು. ಮಳೆ ನಿಲ್ಲುವುದಿಲ್ಲ, ಹಿನ್ನೀರು ದಿನಾ ಏರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಕಣಿವೆಯಲ್ಲಿ ಮುಳುಗಿದ ಊರುಗಳ ಮೊಮ್ಮಕ್ಕಳು ನಮ್ಮ ಜಗಲಿಯಲ್ಲಿ ಕೂತಿರುತ್ತಾರೆ. ಆ ನೀರು ಎಷ್ಟು ಮೆಟ್ಟಿಲು ಬಂತೆಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಹೆಣ, ಗರ್ಭ, ನೀರು: ಮೂರಕ್ಕೂ ಅವಸರವಿಲ್ಲ, ಮೂರನ್ನೂ ತಡೆಯಲಾಗದು. ಇಂಥ ಗಡಿಯಾರ ಇರುವ ಚಿತ್ರದಲ್ಲಿ ಒಬ್ಬಳು ಸುಮ್ಮನೆ ಕಿಟಕಿಯ ಬಳಿ ಕೂತಿದ್ದರೂ ಕಥೆ ಮುಂದೆ ಹೋಗುತ್ತಿರುತ್ತದೆ. ಗಡಿಯಾರವೇ ಇಲ್ಲದ ಚಿತ್ರದಲ್ಲಿ ಅದೇ ಕಿಟಕಿ, ಅದೇ ಕೂರುವಿಕೆ ಬರಿಯ ಕಾಲಹರಣ. ‘ನಿಧಾನ’ ಎಂದು ಬರೆಯುವ ಮುಂಚೆ ಹೀಗೆ ಪರೀಕ್ಷೆ ಮಾಡಿ: ಬೇಸರ ಬಂದ ದೃಶ್ಯದ ಆರಂಭದಲ್ಲಿ ಇದ್ದ ಸ್ಥಿತಿಗೂ ಕೊನೆಯಲ್ಲಿನ ಸ್ಥಿತಿಗೂ ಏನು ಬದಲಾಯಿತು? ಯಾರಿಗೆ ಏನು ತಿಳಿಯಿತು? ಯಾರ ಎದುರು ಯಾರ ದನಿ ತಗ್ಗಿತು? ಮೂರಕ್ಕೂ ‘ಏನೂ ಇಲ್ಲ’ ಎಂಬ ಉತ್ತರ ಬಂದರೆ ನಿಮ್ಮ ದೂರು ನ್ಯಾಯವಾದದ್ದು. ಒಂದಕ್ಕಾದರೂ ಉತ್ತರ ಸಿಕ್ಕರೆ ಇನ್ನೊಮ್ಮೆ ನೋಡಿ.

ಇದರ ಜೊತೆಗೇ ಕೇಳಬೇಕಾದ್ದು: ಕಥೆ ಯಾರ ಕಣ್ಣಿನದು? ಯಮುನೆಯ ಕಥೆಯನ್ನು ನಾವು ವೇದಪಾಠಕ್ಕೆ ಬಂದ ಸಣ್ಣ ಹುಡುಗನ ಹತ್ತಿರ ನಿಂತು ನೋಡುತ್ತೇವೆ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತಿರುತ್ತದೆ, ಹೇಳಿ ಎಚ್ಚರಿಸಲು ನಮಗೆ ದಾರಿಯಿಲ್ಲ. ಇದೇ ಕಥೆಯನ್ನು ಅವಳ ಅಪ್ಪ ಉಡುಪರ ಕಣ್ಣಿನಿಂದ ಹೇಳಿದ್ದರೆ ಅದು ಧರ್ಮಸಂಕಟದ ಕಥೆಯಾಗುತ್ತಿತ್ತು. ಊರಿನವರ ಕಣ್ಣಿನಿಂದ ಹೇಳಿದ್ದರೆ ಹಗರಣವಾಗುತ್ತಿತ್ತು. ನೀವು ಅಳೆಯುತ್ತಿರುವ ಚಿತ್ರದಲ್ಲೂ ಹೀಗೆ ಕಣ್ಣು ಬದಲಿಸಿ ಕಲ್ಪಿಸಿಕೊಳ್ಳಿ. ನಿರ್ದೇಶಕರು ಆರಿಸಿದ ಕಣ್ಣಿಗಿಂತ ಒಳ್ಳೆಯದು ಸಿಕ್ಕಿದರೆ ಅದು ಕಥನದ ಮೇಲಿನ ಗಟ್ಟಿ ಟೀಕೆ. ಚಿತ್ರ ಎಲ್ಲಿ ತನ್ನ ಕಣ್ಣಿಗೆ ತಾನೇ ಮೋಸ ಮಾಡಿದೆ, ಅಂದರೆ ಹುಡುಗನಿಗೆ ಗೊತ್ತಾಗಲು ಸಾಧ್ಯವೇ ಇಲ್ಲದ್ದನ್ನು ಅನುಕೂಲಕ್ಕೆಂದು ತೋರಿಸಿದೆ ಎಂಬುದನ್ನೂ ಗುರುತು ಮಾಡಿ.

ಕಾದಂಬರಿ, ಸಣ್ಣಕಥೆಗಳಿಂದ ಬಂದ ಚಿತ್ರವಾದರೆ ‘ಪುಸ್ತಕದಲ್ಲಿ ಹೀಗಿರಲಿಲ್ಲ’ ಎಂಬುದನ್ನು ದೋಷವೆಂದು ಬರೆಯಬೇಡಿ. ಬದಲಾವಣೆಯಿಂದ ಏನು ಬಂತು, ಏನು ಹೋಯಿತು ಎಂದು ಬರೆಯಿರಿ. ಇಷ್ಟು ಸಾಕು.

ಹೆಜ್ಜೆ 8: ಮಳೆಯನ್ನು ತೆಗೆದು ನೋಡಿ

ನಮ್ಮ ನಾಡಿನ ಹಸಿರು ಕ್ಯಾಮೆರಾಕ್ಕೆ ದೊಡ್ಡ ಆಮಿಷ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿ ಕ್ಯಾಮೆರಾ ಎತ್ತ ತಿರುಗಿಸಿದರೂ ಚೆಂದವೇ. ಮಂಜು, ಕಲ್ಲುಕಂಬದ ಮನೆ, ಪಾಚಿ ಹಿಡಿದ ಹಂಚು, ಸೋರುವ ಸೂರು. ಇವೆಲ್ಲ ಸೇರಿ ದುರ್ಬಲ ಚಿತ್ರಕ್ಕೂ ಗಂಭೀರವಾದ ಚಿತ್ರದ ಕಳೆ ಕೊಟ್ಟುಬಿಡುತ್ತವೆ. ಹೊರಗಿನ ಪ್ರೇಕ್ಷಕರು ‘ಎಂಥ ಛಾಯಾಗ್ರಹಣ’ ಎನ್ನುತ್ತಾರೆ.

ಪರೀಕ್ಷೆ ಸರಳ. ಆ ದೃಶ್ಯದಿಂದ ಮಳೆಯನ್ನು ಮನಸ್ಸಿನಲ್ಲೇ ತೆಗೆದುಹಾಕಿ. ಏನೂ ಕೆಡಲಿಲ್ಲವೇ? ಹಾಗಾದರೆ ಅದು ಅಲಂಕಾರ. ಮಳೆಯಿಂದ ಯಾರೋ ಹೊರಗೆ ಹೋಗಲಾರದೆ ಬೇಡದವರ ಜೊತೆ ಒಂದೇ ಕೋಣೆಯಲ್ಲಿ ಉಳಿದಿದ್ದಾರೆಯೇ, ಒಣಗಬೇಕಾದ ಅಡಿಕೆ ಹಾಳಾಗುತ್ತಿದೆಯೇ, ಕೊಳೆ ರೋಗದ ಭಯ ಮಾತಿನೊಳಗೆ ಇಣುಕುತ್ತಿದೆಯೇ? ಹಾಗಿದ್ದರೆ ಮಳೆಯೂ ಪಾತ್ರಧಾರಿಯೇ. ‘ದ್ವೀಪ’ದಿಂದ ಮಳೆ ತೆಗೆದರೆ ಕಥೆಯೇ ಉಳಿಯುವುದಿಲ್ಲ. ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೆ ಅದರಲ್ಲಿ ರಾಷ್ಟ್ರಪ್ರಶಸ್ತಿ ಬಂದದ್ದು ಯೋಗ್ಯವೆಂದು ನನಗನ್ನಿಸುವುದು ಇದೇ ಕಾರಣಕ್ಕೆ: ಅಲ್ಲಿನ ನೀರು ನೋಡಲು ಚೆಂದ, ಆದರೆ ನೋಡುತ್ತ ನೋಡುತ್ತ ಭಯವಾಗುತ್ತದೆ.

ಹೆಜ್ಜೆ 9: ಕೊನೆಯಿಂದ ಹಿಂದಕ್ಕೆ ನಡೆಯಿರಿ

ಕೊನೆಯ ದೃಶ್ಯ ನೆನಪಿಸಿಕೊಂಡು, ಅದಕ್ಕೆ ಬೀಜ ಎಲ್ಲಿ ಬಿದ್ದಿತ್ತು ಎಂದು ಹಿಂದೆ ಹಿಂದೆ ಹುಡುಕಿ. ‘ದ್ವೀಪ’ದ ಕೊನೆಯಲ್ಲಿ ಮಳೆ ನಿಂತು ಮನೆ ಉಳಿದಾಗ ನಾಗಿಯ ಗಂಡ ಗಣಪನಿಗೆ ಅದು ದೈವದ ಕೃಪೆಯಾಗಿ ಕಾಣುತ್ತದೆ, ಅವಳ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ. ಈ ಮುಕ್ತಾಯ ನಿಮ್ಮನ್ನು ಚುಚ್ಚಿದರೆ ಅದಕ್ಕೆ ಕಾರಣ ಕೊನೆಯ ಎರಡು ನಿಮಿಷಗಳಲ್ಲಿಲ್ಲ. ಅಲ್ಲಿಯವರೆಗೆ ಅವಳ ಕೈಗಳನ್ನು ಚಿತ್ರ ನಮಗೆ ಎಷ್ಟು ತೋರಿಸಿತ್ತು ಎಂಬುದರಲ್ಲಿದೆ. ಮೂರನೆಯ ಹೆಜ್ಜೆಯಲ್ಲಿ ಕೈ ನೋಡಿ ಎಂದದ್ದಕ್ಕೂ ಇದಕ್ಕೂ ಹೀಗೆ ಕೊಂಡಿಯಿದೆ: ನಟನೆ ಬೇರೆ, ಕಥನ ಬೇರೆ ಎಂದು ಅಂಕಪಟ್ಟಿಯಲ್ಲಿ ಎರಡು ಕಂಬ ಎಳೆಯಬಹುದು, ಒಳ್ಳೆಯ ಚಿತ್ರದಲ್ಲಿ ಅವು ಬೇರೆಯಾಗಿ ಸಿಗುವುದಿಲ್ಲ.

ಕೊನೆ ದುಃಖದ್ದಾದ ಮಾತ್ರಕ್ಕೆ ಚಿತ್ರ ದೊಡ್ಡದಾಗುವುದಿಲ್ಲ. ಇದ್ದಕ್ಕಿದ್ದಂತೆ ಯಾರನ್ನೋ ಸಾಯಿಸಿ ಮುಗಿಸಿದ ಚಿತ್ರಗಳಿಗೆ ನಾನು ಸುಲಭವಾಗಿ ಒಪ್ಪುವುದಿಲ್ಲ.

ಹೆಜ್ಜೆ 10: ಬರೆಯಿರಿ

ಒಂದು ಪುಟ ಸಾಕು. ಮೊದಲ ಸಾಲಿನಲ್ಲಿ ಕ್ಷಣ, ಎರಡನೆಯದರಲ್ಲಿ ಅದರಲ್ಲಿ ನಟ ಅಥವಾ ನಿರ್ದೇಶಕರು ಮಾಡಿದ ಆಯ್ಕೆ, ಮೂರನೆಯದರಲ್ಲಿ ಆ ಆಯ್ಕೆ ಕಥೆಗೆ ಏನು ಮಾಡಿತು. ವಿಶೇಷಣಗಳು ತಾವಾಗಿ ಬಂದರೆ ಬರಲಿ, ಕರೆಯಬೇಡಿ. ‘ನಾಯಕಿಯ ಅಭಿನಯ ಮನೋಜ್ಞ’ ಎಂಬ ಸಾಲನ್ನು ನಮ್ಮ ಜಗಲಿಯ ಆ ರಾತ್ರಿಯ ಮಾತಿನಿಂದ ಹೀಗೆ ತಿದ್ದಬಹುದು: ‘ಅತ್ತೆ ಒಳಗೆ ಬಂದಾಗ ಸೊಸೆ ಸುಲಿಯುವುದನ್ನು ನಿಲ್ಲಿಸುತ್ತಾಳೆ, ತಲೆ ಎತ್ತುವುದಿಲ್ಲ. ಕತ್ತಿ ಹಿಡಿಯುವ ಕೆಲಸದಲ್ಲಿ ನಟಿ ಪಳಗಿಲ್ಲ, ಆದರೆ ಈ ನಿಲುಗಡೆಯಲ್ಲಿ ಆ ಮನೆಯ ಯಜಮಾನಿಕೆ ಯಾರದೆಂದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ಮುಂದೆ ಮನೆ ಪಾಲಾಗುವಾಗ ಅವಳು ಬಾಯಿ ಬಿಡದಿರುವುದು ಇದರಿಂದಾಗಿ ನಂಬುವಂತಾಗಿದೆ.’

ಗುಂಪಿನಲ್ಲಿ ಚರ್ಚಿಸುವುದಾದರೆ ಚಿತ್ರದಲ್ಲಿ ಕಂಡ ಕೆಲಸವನ್ನು ಬಲ್ಲವರು ಮೊದಲು ಮಾತನಾಡಲಿ. ದೋಣಿಯ ಚಿತ್ರವಾದರೆ ಹಿನ್ನೀರಿನಲ್ಲಿ ದೋಣಿ ನಡೆಸಿದವರು, ಅಡುಗೆಮನೆಯ ಚಿತ್ರವಾದರೆ ಹೊಗೆಯಲ್ಲಿ ಬೆಂದವರು. ಮೇಷ್ಟರುಗಳ ಸರದಿ ಆಮೇಲೆ.

ಚೀಟಿಯ ಮೇಲೆ ನೋಡಿದ ದಿನ ಬರೆದು ಎತ್ತಿಡಿ. ‘ಘಟಶ್ರಾದ್ಧ’ವನ್ನು ಕಾಲೇಜಿನ ದಿನಗಳಲ್ಲಿ ನೋಡಿ ನಾನು ಬರೆದ ಪುಟದಲ್ಲಿ ಬರೀ ಯಮುನೆ ಇದ್ದಾಳೆ: ಮೀನಾ ಕುಟ್ಟಪ್ಪ ಅವರ ಕಣ್ಣು, ಬೋಳುತಲೆ, ಮರದ ಕೆಳಗೆ ಒಂಟಿಯಾಗಿ ಕೂತದ್ದು. ಉಡುಪರ ಹೆಸರೂ ಅದರಲ್ಲಿಲ್ಲ. ನನ್ನ ಮಗಳು ಹೈಸ್ಕೂಲಿಗೆ ಹೋಗತೊಡಗಿದ ವರ್ಷ ಮತ್ತೆ ನೋಡಿದೆ. ಆ ಸಲದ ಪುಟದಲ್ಲಿ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುವ ಅಪ್ಪನ ಬಗ್ಗೆ ಬಿಟ್ಟು ಬೇರೆ ಸಾಲಿಲ್ಲ. ಎರಡು ಪುಟಗಳನ್ನೂ ಒಂದೇ ಲಕೋಟೆಯಲ್ಲಿ ಇಟ್ಟಿದ್ದೇನೆ.